ಅಬ್ರಾಮಪ್ಪನವರ ಹೆಸರಿನ ಮುಂದಿನ ಗೆರೆ

ಕಳೆದ ವಾರ ಚನ್ನರಾಯಪಟ್ಟಣದಿಂದ ಅರಕಲಗೂಡಿಗೆ ಹೋಗುವಾಗ ನಮ್ಮ ಇದ್ದಿಲ ಬಸ್ಸು ಹೊಳೆನರಸೀಪುರ ದಾಟಿ ಮೂರನೆಯ ಮೈಲಿಯಲ್ಲಿ ನಿಂತಿತು. ಯುದ್ಧ ಶುರುವಾಗಿ ಪೆಟ್ರೋಲ್ ಸಿಗದಂತಾದ ಮೇಲೆ ಈ ಬಸ್ಸುಗಳು ಏರು ಬಂದಲ್ಲೆಲ್ಲ ನಿಲ್ಲುತ್ತವೆ. ಕ್ಲೀನರ್ ಇಳಿದು ಹಿಂದಿನ ಒಲೆಗೆ ಇದ್ದಿಲು ಸುರಿಯತೊಡಗಿದ.

"ಇಳ್ಕಂಡು ಕಾಲಾಡ್ಸಿ ಎಲ್ರೂ. ಇದು ಉಸ್ರು ತಗಳಗಂಟ ನಾವೂ ತಗಳವಾ" ಎಂದ ಕಂಡಕ್ಟರ್.

ಹತ್ತೂ ಇಪ್ಪತ್ತಕ್ಕೆ ನಿಂತಿತೆಂದು ಡೈರಿಯಲ್ಲಿ ಗುರುತು ಹಾಕಿಕೊಂಡು ಇಳಿದೆ. ಇಳಿದ ಕೂಡಲೇ ಮೂಗಿಗೆ ಬೇವಿನ ಸೊಪ್ಪು ಮತ್ತು ಗಂಧಕ ಸೇರಿದ ಹೊಗೆ ಬಡಿಯಿತು. ರಸ್ತೆ ಪಕ್ಕದ ಮನೆಯೊಂದರಲ್ಲಿ ನಾಲ್ಕು ಸಾಲು ಹೆಂಚು ತೆಗೆದು, ಬಾಗಿಲು ಮುಚ್ಚಿ, ಒಳಗೆ ಹೊಗೆ ಹಾಕಿದ್ದರು. ಮನೆಯವನು ಜಗುಲಿಯ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದ.

"ಇಲಿ ಬಿತ್ತೇನಣ್ಣ?" ಎಂದೆ. ಇಲಿ ಸತ್ತು ಬೀಳುವುದೇ ಪ್ಲೇಗಿನ ಮೊದಲ ಗುರುತು.

"ಬುಡ್ತು ಅನ್ನವ್ವ! ಬರೀ ತಿಗಣೆ" ಎಂದ.

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅರಕಲಗೂಡು ತಲುಪುವ ತನಕ ಆ ಹೊಗೆ ಮೂಗಿನಿಂದ ಹೋಗಲಿಲ್ಲ. ಹದಿನಾರನೆಯ ವಯಸ್ಸಿನಿಂದ ನಾನು ಡೈರಿ ಬರೆಯುತ್ತಿದ್ದೇನೆ. ಮಳೆ ಬಂದ ದಿನ, ಬಾರದ ದಿನ, ನೋಡಿದ ರೋಗಿಗಳು, ನಡೆದ ಮೈಲಿಗಳು, ಎಲ್ಲಕ್ಕೂ ಲೆಕ್ಕವಿದೆ. ೧೯೩೮ರ ಡೈರಿಯಲ್ಲಿ ಒಂದು ದಿನದ ಲೆಕ್ಕ ಮಾತ್ರ ತಪ್ಪು. ಗೊತ್ತಿದ್ದೇ ಬರೆದ ತಪ್ಪು. ಆ ದಿನದ ಬಗ್ಗೆ, ಅದರ ಹಿಂದೆಯೇ ಬಂದ ಆರು ತಿಂಗಳ ಬಗ್ಗೆ ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತು ವರ್ಷ. ಹಾಸನದಲ್ಲಿ ಎರಡು ವರ್ಷ ನರ್ಸ್ ಕೆಲಸ ಕಲಿತಿದ್ದೆ. ಹೊಳೆನರಸೀಪುರದ ಆಸುಪಾಸಿನಲ್ಲಿ ಪ್ಲೇಗು ಕಾಣಿಸಿಕೊಂಡಿದೆಯೆಂದು ಸೆಪ್ಟೆಂಬರ್ ಕೊನೆಯಲ್ಲಿ ನನ್ನನ್ನು ಒಬ್ಬ ಡಾಕ್ಟರ ಕೈಕೆಳಗೆ ಹೊಸಪಾಳ್ಯಕ್ಕೆ ಕಳಿಸಿದರು. ನಲವತ್ತೊಂದು ಮನೆಯ ಹಳ್ಳಿ. ಹನ್ನೊಂದು ಮನೆ ನಮ್ಮ ಕ್ರೈಸ್ತರದು, ಉಳಿದವು ಗೌಡರದು. ಕ್ರೈಸ್ತರ ಬೀದಿಯ ಕೊನೆಗೆ ಹೆಂಚಿನ ಒಂದು ಪ್ರಾರ್ಥನಾಮಂದಿರ. ಪಾದ್ರಿಗಳು ಹಾಸನದಿಂದ ತಿಂಗಳಿಗೊಮ್ಮೆ ಬಂದು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಕೊಟ್ಟು ಹೋಗುವರು. ಉಳಿದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವರು ಉಪದೇಶಿ ಸಮಾಧಾನಪ್ಪನವರು.

ನಾನು ಹೋಗುವ ಹೊತ್ತಿಗೆ ಇಲಿ ಬಿದ್ದು, ಜನ ಊರು ಬಿಟ್ಟಿದ್ದರು. ಊರೆಂದರೆ ಬೀಗ ಹಾಕಿದ ಬಾಗಿಲುಗಳು, ಹೆಂಚು ತೆಗೆದ ಮಾಡುಗಳು, ಹೊಗೆ. ಜನರೆಲ್ಲ ಊರ ಹಿರಿಯರಾದ ಚಿಕ್ಕೇಗೌಡರ ಬಯಲಿನಲ್ಲಿ ಸೋಗೆ ಮತ್ತು ಚಾಪೆಯ ಗುಡಿಸಲು ಹಾಕಿಕೊಂಡಿದ್ದರು. ನನ್ನನ್ನು ಉಪದೇಶಿಗಳ ಗುಡಿಸಲಿನಲ್ಲಿ, ಅವರ ಹೆಂಡತಿ ಮಾರ್ತಕ್ಕನ ಜೊತೆ ಇರಿಸಿದರು. ನನ್ನ ಹೆಸರು ಸುಗುಣ. ಅದು ಅಲ್ಲಿ ಯಾರಿಗೂ ಬೇಕಾಗಲಿಲ್ಲ. ನರ್ಸ್ ಎಂಬುದು ಎರಡೇ ದಿನದಲ್ಲಿ ನರಸಮ್ಮ ಆಯಿತು. "ನಮ್ ಕಡೆ ಅರ್ಧ ಎಂಗುಸ್ರಿಗೆ ಅದೇ ಎಸ್ರು ಕಣವ್ವ, ಇನ್ನೊಂದು ಸೇರ್ತು" ಎಂದು ಚಿಕ್ಕೇಗೌಡರು ಗಡ್ಡ ಕೆರೆದುಕೊಂಡು ನಗುವರು.

ಪ್ಲೇಗಿನ ಸೂಜಿ ಹಾಕುವುದು ನನ್ನ ಕೆಲಸ. ಡಾಕ್ಟರು ಸುತ್ತಲ ಆರು ಹಳ್ಳಿ ನೋಡಿಕೊಳ್ಳಬೇಕಾಗಿದ್ದರಿಂದ ನಮ್ಮಲ್ಲಿಗೆ ವಾರಕ್ಕೆ ಎರಡು ಸಲ ಜಟಕಾದಲ್ಲಿ ಬರುವರು. ಮೊದಲ ದಿನವೇ ನನ್ನ ಕೈಗೆ ಉದ್ದನೆಯ ರಿಜಿಸ್ಟರ್ ಕೊಟ್ಟು ಹೇಳಿದ್ದರು: "ನೋಡಮ್ಮ, ಔಷಧಿ ಸೀಸೆ ಒಡೆದುಹೋದರೆ ಇನ್ನೊಂದು ತರಿಸ್ತೀನಿ. ಈ ರಿಜಿಸ್ಟರ್ ತಪ್ಪಾದರೆ ಇನ್ನೊಂದು ಊರು ತರಿಸೋದಕ್ಕೆ ನನ್ನ ಕೈಲಾಗಲ್ಲ." ಪ್ರತಿ ಮನೆಯ ಪ್ರತಿಯೊಬ್ಬರ ಹೆಸರನ್ನೂ ಅದರಲ್ಲಿ ಬರೆದೆ. ಸೂಜಿ ಹಾಕಿದವರ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಒಂದು ಓರೆ ಗೆರೆ. ದಿನದ ಕೊನೆಗೆ ಗೆರೆಗಳನ್ನು ಎಣಿಸಿ ಡೈರಿಗೂ ಏರಿಸುತ್ತಿದ್ದೆ. ಮೂರು ವಾರ ಒಂದು ಗೆರೆಯೂ ತಪ್ಪಲಿಲ್ಲ. ಡಾಕ್ಟರು ಬೇರೆ ಊರಿನವರ ಮುಂದೆ ನನ್ನ ಪುಟಗಳನ್ನು ತೋರಿಸುತ್ತಾರೆಂದು ಜಟಕಾದವನು ಹೇಳಿದ. ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ಅಕ್ಟೋಬರ್ ಇಪ್ಪತ್ತು, ಗುರುವಾರ. ಚಿತ್ತಾ ಮಳೆ ಬೆಳಗಿನಿಂದ ಜಿನುಗುತ್ತಿತ್ತು. ಅಂದಿಗೆ ಮೊದಲ ಸುತ್ತು ಮುಗಿಯಬೇಕು. ಸಂಜೆಯ ಹೊತ್ತಿಗೆ ಅದೊಂದೇ ದಿನ ಅರವತ್ತಮೂರು ಜನರಿಗೆ ಸೂಜಿ ಹಾಕಿದ್ದೆ. ಉಳಿದದ್ದು ಒಂದೇ ಹೆಸರು: ಅಬ್ರಾಮಪ್ಪ. ಅವರ ಹೆಂಡತಿ ರಾಹೇಲಮ್ಮ, ಮಗಳು ಇಬ್ಬರೂ ಬಂದು ಹಾಕಿಸಿಕೊಂಡಿದ್ದರು. ಅಬ್ರಾಮಪ್ಪನವರು ಹಳ್ಳದ ಆಚೆ, ರಾಗಿ ಹೊಲಕ್ಕೆ ಹಂದಿ ನುಗ್ಗದಂತೆ ಅಟ್ಟಣೆಯಲ್ಲಿ ಕಾಯುತ್ತಿದ್ದರು. "ನಾಳೀಕೆ ನಾನೇ ಬತ್ತೀನಿ ಕಣವ್ವ, ನೀನ್ಯಾಕೆ ಕೆಸ್ರು ತುಳೀತೀಯ" ಎಂದು ಬೆಳಿಗ್ಗೆ ಹೇಳಿ ಕಳಿಸಿದ್ದರು. ಹಳ್ಳದಲ್ಲಿ ಮೊಣಕಾಲು ನೀರಿತ್ತು. ನನ್ನ ಕಾಲು ನೋಯುತ್ತಿತ್ತು. ನಾಳೆ ಬೆಳಿಗ್ಗೆ ಡಾಕ್ಟರು ಬರುವಾಗ ಪುಟ ಪೂರ್ತಿಯಾಗಿರಬೇಕು ಎಂಬುದೊಂದೇ ತಲೆಯಲ್ಲಿತ್ತು. ಹೇಗೂ ನಾಳೆ ಬರುತ್ತಾರಲ್ಲ ಎಂದುಕೊಂಡು ಅವರ ಹೆಸರಿನ ಮುಂದೆಯೂ ಗೆರೆ ಎಳೆದೆ. ಡೈರಿಯಲ್ಲಿ ಅರವತ್ತನಾಲ್ಕು ಎಂದು ಬರೆದೆ.

ಮರುದಿನ ಡಾಕ್ಟರು ಬೇಗನೆ ಬಂದರು. ರಿಜಿಸ್ಟರ್ ತಿರುವಿ, "ಭೇಷ್" ಎಂದು, ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಅರಕಲಗೂಡಿನ ಕಡೆ ಒಂದು ಹಳ್ಳಿಯಲ್ಲಿ ಹೆಂಗಸರು ಗಂಡಸರ ಕೈಲಿ ಸೂಜಿ ಹಾಕಿಸಿಕೊಳ್ಳುತ್ತಿಲ್ಲ, ನೀನು ಈಗಲೇ ಹೊರಡು ಎಂದರು. ಅವರ ಜೊತೆಗೇ ಜಟಕಾ ಏರಿದೆ. ಮೊದಲ ಎರಡು ಮೈಲಿ ಪೂರ್ತಿ ಆ ಗೆರೆ ನನ್ನ ನಾಲಿಗೆಯ ತುದಿಯಲ್ಲಿತ್ತು. "ಡಾಕ್ಟರೇ, ಒಬ್ಬರದು ಉಳಿದಿದೆ" ಎಂದರೆ ಮುಗಿಯುತ್ತಿತ್ತು. ಅವರು ಅಷ್ಟು ಹೊತ್ತೂ ನನ್ನ ಅಚ್ಚುಕಟ್ಟನ್ನು ಹೊಗಳುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಮಂಗಳವಾರ ಹಿಂದಿರುಗಿದೆ. ಮಾರ್ತಕ್ಕ ನನಗೆ ನೀರು ಕೊಡುತ್ತ, ನಗುತ್ತ ಹೇಳಿದರು: "ನಿನ್ನೆ ತಮಾಸೆ ಕೇಳು. ಅಬ್ರಾಮಣ್ಣ ಎರಡ್ನೇ ಸೂಜಿ ಆಕುಸ್ಕಳಕ್ಕೆ ಬಂದಿದ್ದ."

ಸೋಮವಾರ ಡಾಕ್ಟರು ಬಂದಾಗ ಅಬ್ರಾಮಪ್ಪನವರು ಅಂಗಿಯ ತೋಳು ಮಡಿಸಿಕೊಂಡು ರೋಗಿಗಳ ಸಾಲಿನಲ್ಲಿ ನಿಂತಿದ್ದರಂತೆ. ಡಾಕ್ಟರು ರಿಜಿಸ್ಟರ್ ನೋಡಿ, ನಿನಗೆ ಗುರುವಾರವೇ ಆಗಿದೆಯಲ್ಲಯ್ಯ ಎಂದರಂತೆ. ಇಲ್ಲ ಸಾ, ನಂಗಾಗಿಲ್ಲ ಎಂದರೆ, ಇಲ್ಲಿ ಬರೆದಿದೆ ನೋಡು ಎಂದು ಗೆರೆ ತೋರಿಸಿದರಂತೆ. ಅಬ್ರಾಮಪ್ಪನವರ ಮರೆವು ಊರಿಗೇ ಗೊತ್ತು. ಒಮ್ಮೆ ಹೆಗಲ ಮೇಲೆ ಕುರಿಮರಿ ಹೊತ್ತುಕೊಂಡೇ ಕುರಿಮರಿ ಹುಡುಕಿದ್ದರೆಂದು ಚಿಕ್ಕೇಗೌಡರು ಎಲ್ಲರೆದುರು ನೆನಪಿಸಿದರಂತೆ. ಜನ ನಕ್ಕರು. ಅಬ್ರಾಮಪ್ಪನವರು ತಮ್ಮ ತೋಳನ್ನು ತಾವೇ ತಿರುಗಿಸಿ ನೋಡಿಕೊಂಡು, "ಆ ಯವ್ವ ಸುಳ್ಳು ಬರಿಯಕಿಲ್ಲ. ಬುಕ್ಕಲ್ಲಿ ಐತೆ ಅಂದ್ಮೇಲೆ ಆಕುಸ್ಕಂಡಿರ್ಬೇಕು ಬುಡಿ" ಎಂದು ಅಂಗಿ ಇಳಿಸಿಕೊಂಡು ಹೋದರಂತೆ.

ಅವರಿಗೆ ಓದಲು ಬರುತ್ತಿರಲಿಲ್ಲ. ತಮ್ಮ ಮೈಗಿಂತ ನನ್ನ ಅಕ್ಷರವನ್ನು ಹೆಚ್ಚು ನಂಬಿದರು.

ನಾನು ಆಗಲೇ ಹೋಗಿ ಹೇಳಬಹುದಾಗಿತ್ತು. ಹೇಳಲಿಲ್ಲ. ಯಾರಿಗೂ ಗೊತ್ತಾಗದಂತೆ ನಾಳೆ ಸೂಜಿ ಹಾಕಿಬಿಡೋಣ ಎಂದುಕೊಂಡೆ. ಬುಧವಾರ ನೋಡಿದರೆ ಔಷಧಿಯನ್ನು ಡಾಕ್ಟರು ಒಯ್ದಿದ್ದರು. ಶುಕ್ರವಾರ ಔಷಧಿ ಬಂತು. ಹಳ್ಳ ದಾಟಿ ಅಟ್ಟಣೆಯ ಹತ್ತಿರ ಹೋದಾಗ ಅಬ್ರಾಮಪ್ಪನವರು ಕಂಬಳಿ ಹೊದ್ದು ಮಲಗಿದ್ದರು. ಮೈ ಸುಡುತ್ತಿತ್ತು. ಜ್ವರ ಬಂದವರಿಗೆ ಆ ಸೂಜಿ ಹಾಕುವಂತಿಲ್ಲ. ಮರುದಿನ ತೊಡೆಯ ಸಂದಿಯಲ್ಲಿ ಗಡ್ಡೆ ಕಾಣಿಸಿತು. ನಾಲ್ಕು ದಿನ ನಾನೇ ಶುಶ್ರೂಷೆ ಮಾಡಿದೆ. ಪ್ರತಿ ಸಲ ನೀರು ಕುಡಿಸಿದಾಗಲೂ "ನಿಂಗೆ ಪುಣ್ಯ ಬರ್ಲವ್ವ" ಎನ್ನುತ್ತಿದ್ದರು. ನವೆಂಬರ್ ಒಂದು, ಮಂಗಳವಾರ ಮಧ್ಯಾಹ್ನ ತೀರಿಕೊಂಡರು.

ಸಮಾಧಿಯ ಹತ್ತಿರ ರಾಹೇಲಮ್ಮ ಅಳಲಿಲ್ಲ. ಮಣ್ಣು ಹಾಕಿ ಕೈ ತೊಳೆಯುವಾಗ, "ಅವ್ರಿಗೆ ಸೂಜಿ ಆಕಿರ್ಲಿಲ್ಲ" ಎಂದರು. ಉಪದೇಶಿಗಳು ಮೆಲ್ಲಗೆ, "ಹಾಕಿದ್ದರಮ್ಮ, ರಿಜಿಸ್ಟರಿನಲ್ಲಿದೆ. ದುಃಖದಲ್ಲಿ ಹಾಗನ್ನಿಸುತ್ತೆ" ಎಂದರು. "ಆಕಿರ್ಲಿಲ್ಲ. ಬಟ್ಟೆ ಬಿಚ್ಚಿ ಬೆನ್ನು ಉಜ್ಜೋಳು ನಾನು. ಆ ತೋಳು ನಂಗೊತ್ತಿಲ್ವ?" ಎಂದರು ಆಕೆ. ಆಮೇಲಿನ ದಿನಗಳಲ್ಲಿ ಆಕೆ ಅದನ್ನೇ ಹೇಳುತ್ತ ಹೋದರು. ಜನ ಮೊದಲು ಸಮಾಧಾನ ಹೇಳಿದರು, ಆಮೇಲೆ ಮುಖ ತಿರುಗಿಸಿದರು. ಸುಮ್ಮನೆ ನರಸಮ್ಮನ ಹೆಸರು ಕೆಡಿಸುತ್ತಾಳೆ ಎಂದರು. ನಾನು ಸೂಜಿ ಕುದಿಸುತ್ತ ಕುಳಿತಿದ್ದೆ.

ಹನ್ನೊಂದು ದಿನ ಸುಮ್ಮನಿದ್ದೆ. ಪ್ರತಿದಿನ ದೇವರ ಹತ್ತಿರ ಕ್ಷಮೆ ಕೇಳಿಕೊಂಡೆ, ಡೈರಿಯಲ್ಲಿ ಅದಕ್ಕೂ ಲೆಕ್ಕವಿದೆ. ರಾಹೇಲಮ್ಮನ ಹತ್ತಿರ ಒಂದು ಸಲವೂ ಕೇಳಲಿಲ್ಲ. ಎಲ್ಲರೂ ಒಟ್ಟಾಗಿ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಮಾತು ಬರುವ ಕಡೆ, ನನ್ನ ದನಿ ನಿಂತುಹೋಗುತ್ತಿತ್ತು.

ನವೆಂಬರ್ ಹನ್ನೆರಡು, ಶನಿವಾರ. ಮರುದಿನ ಪಾದ್ರಿಗಳು ಬರುವವರಿದ್ದರು. ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಕರ್ತನ ಭೋಜನದ ಹಿಂದಿನ ದಿನ ಉಪದೇಶಿಗಳು ಮನೆಮನೆಗೆ ಹೋಗಿ, ನಾಳೆ ಭೋಜನ ತೆಗೆದುಕೊಳ್ಳುವವರ ಹೆಸರು ಬರೆದುಕೊಳ್ಳುವರು. ಯಾರೊಡನೆಯಾದರೂ ಜಗಳವಿದ್ದವರು ಅಷ್ಟರೊಳಗೆ ಹೋಗಿ ಸರಿಮಾಡಿಕೊಳ್ಳಬೇಕು, ಇಲ್ಲವೇ ಹೆಸರು ಕೊಡಬಾರದು. ಪಟ್ಟಿಯಲ್ಲಿ ಮಾರ್ತಕ್ಕನ ಹೆಸರಿನ ಕೆಳಗೇ ನನ್ನದನ್ನು ಕೇಳದೆಯೇ ಬರೆದಿದ್ದರು. ರಾಹೇಲಮ್ಮನ ಗುಡಿಸಲು ನಮಗೆ ಎದುರಿಗೇ ಇತ್ತು. ಮಾತು ಕೇಳಿಸುತ್ತಿತ್ತು.

"ನನ್ನೆಸ್ರು ಬ್ಯಾಡಿ" ಎಂದರು ರಾಹೇಲಮ್ಮ.

"ಯಾಕಮ್ಮ? ಹದಿನೈದು ವರ್ಷದಿಂದ ಒಂದು ಸಲವೂ ತಪ್ಪಿಸಿದವಳಲ್ಲ ನೀನು."

"ನನ್ನೊಟ್ಟೆ ಉರೀತೈತೆ. ಉರಿಯೋ ಒಟ್ಟೆಗೆ ದೇವ್ರ ರೊಟ್ಟಿ ಎಂಗ್ ಆಕಳ್ಲಿ?"

"ಯಾರ ಮೇಲಮ್ಮ?"

"ನನ್ನ ಸುಳ್ಳಿ ಅಂದೋರ ಮೇಲೆ. ನಿಮ್ ಮೇಲೂವೆ."

ನಾನು ಒಳಗೆ ಹೋದೆ. ಮಾರ್ತಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಅವರ ಪಕ್ಕ ಕುಳಿತು ಎಲ್ಲ ಹೇಳಿದೆ. ಜರಡಿ ನಿಂತಿತು. ಹೇಳುತ್ತ ಹೇಳುತ್ತ ನನ್ನ ಪರವಾದ ಒಂದು ಮಾತನ್ನೂ ಸೇರಿಸಿದೆ: ಸೂಜಿ ಹಾಕಿಸಿಕೊಂಡವರೂ ಸತ್ತಿದ್ದಾರೆ, ಹಾಕಿದ್ದರೂ ಅದು ಮೈಗೆ ಹಿಡಿಯಲು ದಿನ ಬೇಕು, ಅವರು ಉಳಿಯುತ್ತಿದ್ದರೆಂದು ಯಾರು ಹೇಳಬಲ್ಲರು.

"ಇರಬೋದು" ಎಂದರು ಮಾರ್ತಕ್ಕ. "ಅದ್ನ ದೇವ್ರು ಬಲ್ಲ. ಗೆರೆ ಎಳೆದಿದ್ದು ಯಾರು ಅಂತ ನೀನು ಬಲ್ಲೆ. ನಿನ್ನ ಪಾಲಿಂದು ಎಷ್ಟೋ ಅಷ್ಟ ಎತ್ಕೊಂಡು ಹೋಗು." ಮತ್ತೆ ಜರಡಿ ಹಿಡಿದರು. ಹಿಟ್ಟಿನ ಮೇಲೆ ಅವರ ಕಣ್ಣೀರು ಬೀಳುತ್ತಿತ್ತು. ನನ್ನನ್ನು ನೋಡಲಿಲ್ಲ.

ರಾಹೇಲಮ್ಮ ಹೊರಗೆ ಕಲ್ಲಿನ ಮೇಲೆ ಕುಡುಗೋಲು ಮಸೆಯುತ್ತಿದ್ದರು. ರಾಗಿ ಕೊಯ್ಲಿಗೆ ಬಂದಿತ್ತು. ಎದುರಿಗೆ ನಿಂತು ಹೇಳಿದೆ. ಗುರುವಾರದ ಗೆರೆ, ಶುಕ್ರವಾರದ ಜಟಕಾ, ಮಂಗಳವಾರ ಬಾಯಿಬಿಡದೆ ಇದ್ದದ್ದು, ಒಂದೊಂದಾಗಿ, ದಿನದ ಹೆಸರಿನ ಸಮೇತ. ಆಕೆ ಮಸೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕುಡುಗೋಲನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಇದ್ನ ನಂಗ್ಯಾಕೆ ಏಳ್ತೀಯ?" ಎಂದರು. "ನಂಗೆ ಗೊತ್ತಿರಾದೆ. ಗೊತ್ತಿಲ್ದೋರ್ಗೆ ಓಗಿ ಏಳು."

ಪ್ರಾರ್ಥನಾಮಂದಿರಕ್ಕೆ ಬೀಗ ಹಾಕಿದ್ದರಿಂದ ಭಾನುವಾರದ ಆರಾಧನೆ ಬಯಲಿನ ಹೊಂಗೆ ಮರದ ಕೆಳಗೆ ನಡೆಯಿತು. ನಮ್ಮವರೆಲ್ಲ ಚಾಪೆಯ ಮೇಲೆ ಕುಳಿತಿದ್ದರು. ಅತ್ತ ಚಿಕ್ಕೇಗೌಡರೂ ನಾಲ್ಕೈದು ಗೌಡರೂ ಎಂದಿನಂತೆ ಕಾಲುದಾರಿಯಲ್ಲಿ ನಿಂತು ಹಾಡು ಕೇಳುತ್ತಿದ್ದರು. ನಾನು ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದರಿಂದ ಡಾಕ್ಟರೂ ಬಂದಿದ್ದರು. ಪಾದ್ರಿಗಳ ಅಪ್ಪಣೆ ಪಡೆದು ಎದ್ದು ನಿಂತೆ. ಬರೆದುಕೊಂಡಿದ್ದ ಚೀಟಿಯನ್ನು ಓದಲಾಗಲಿಲ್ಲ, ಅಕ್ಷರ ಕಾಣಲಿಲ್ಲ. ಬಾಯಿಂದಲೇ ಹೇಳಿದೆ: "ಅಬ್ರಾಮಪ್ಪನವರಿಗೆ ನಾನು ಸೂಜಿ ಹಾಕಿರಲಿಲ್ಲ. ಹಾಕಿದೆ ಅಂತ ಸುಳ್ಳು ಬರೆದೆ. ರಾಹೇಲಮ್ಮನವರು ಹೇಳಿದ್ದು ನಿಜ."

ಕಾಲುದಾರಿಯಿಂದ ಯಾರೋ "ಅಯ್ಯೋ ಸಿವ್ನೆ" ಎಂದರು. ಚಿಕ್ಕೇಗೌಡರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರು, "ಆ ಮನುಷ್ಯ ನನ್ನ ಮುಂದೆ ತೋಳು ಚಾಚಿ ನಿಂತಿದ್ದ. ನಾನು ತೋಳು ನೋಡಲಿಲ್ಲ, ಪುಸ್ತಕ ನೋಡಿದೆ" ಎಂದರು. ಉಪದೇಶಿಗಳು ಎದ್ದು ರಾಹೇಲಮ್ಮನ ಮುಂದೆ ಕೈಜೋಡಿಸಿದರು. ದುಃಖದಲ್ಲಿ ಹಾಗನ್ನಿಸುತ್ತೆ ಎಂದು ಅವರೇ ಹೇಳಿದ್ದಲ್ಲವೇ.

ಪಾದ್ರಿಗಳು ವಯಸ್ಸಾದವರು. ಮೃದುವಾಗಿ ಕೇಳಿದರು: "ರಾಹೇಲಮ್ಮ, ಈ ಮಗಳನ್ನು ಕ್ಷಮಿಸುತ್ತೀಯಾ?"

"ಆ ಮಾತು ನಂಗೆ ಬಾಯ್ಗೆ ಬರಕಿಲ್ಲ ಅಯ್ನೋರೆ" ಎಂದರು ರಾಹೇಲಮ್ಮ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ನಮ್ ಕಡೆ ಒಟ್ಟೆಗಾಕ್ಕಳಾದು ಅಂತೀವಿ. ಆಕ್ಕಂತೀನಿ. ಯೇಸಪ್ಪ ಆಕ್ಕ ಅಂದವ್ನೆ, ಆಕ್ಕಂತೀನಿ. ಆದ್ರೆ ಒಟ್ಟೆಗಾಕ್ಕಂಡಿದ್ದು ಅಂಗೇ ಅರಗಕಿಲ್ಲ. ಅರಗಕ್ಕೆ ದಿನ ಇಡೀತದೆ. ಅದ್ಕೆ ನನ್ನ ಯಾರೂ ತೊರೆ ಮಾಡಬ್ಯಾಡಿ."

ತೊರೆ ಮಾಡಬೇಡಿ ಎಂದರೆ ಅವಸರಪಡಿಸಬೇಡಿ ಎಂದು. ಪಾದ್ರಿಗಳು ತಲೆದೂಗಿದರು. ಆಮೇಲೆ ಭೋಜನದ ರೊಟ್ಟಿ ಸಾಲಿನಲ್ಲಿ ಬಂತು. ನನ್ನ ಹತ್ತಿರ ಬಂದಾಗ ಕೈ ಚಾಚಲಿಲ್ಲ, ತಲೆ ತಗ್ಗಿಸಿದೆ. ಪಕ್ಕದ ಚಾಪೆಯಿಂದ ರಾಹೇಲಮ್ಮ ಗದರಿದರು: "ತಗಳವ್ವ. ಆಕ್ಕಂಡೆ ಅಂತ ನಾನು ಏಳಿದ್ಮೇಲೆ ನಿಂದೇನು ಇನ್ನ?"

ತೆಗೆದುಕೊಂಡೆ. ಆ ಮೇಲೆ ಎಂಟು ವಾರ ಆಕೆ ನನ್ನೊಡನೆ ಮಾತಾಡಲಿಲ್ಲ.

ಆ ಎಂಟು ವಾರವೇ ನನಗೆ ಹೆಚ್ಚು ಕಲಿಸಿತು. ಕ್ಷಮೆ ಸಿಕ್ಕಿದ ಮೇಲೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಾನು ತಿಳಿದಿದ್ದೆ, ಕೂಡಿಸುವ ಲೆಕ್ಕದ ಹಾಗೆ. ಆಗಲಿಲ್ಲ. ಡಾಕ್ಟರು ರಿಜಿಸ್ಟರನ್ನು ತಾವೇ ಇಟ್ಟುಕೊಂಡರು. ನಾನು ಸೂಜಿ ಕುದಿಸಬಹುದು, ಗಾಯ ಕಟ್ಟಬಹುದು, ಬರೆಯುವಂತಿಲ್ಲ. ಮೊದಲು "ಬಾರವ್ವ ನರಸಮ್ಮ" ಎನ್ನುತ್ತಿದ್ದವರು ಈಗ ನಾನು ಕೊಟ್ಟ ಗುಳಿಗೆಯನ್ನು ಎರಡು ಸಲ ತಿರುಗಿಸಿ ನೋಡುತ್ತಿದ್ದರು. ಅದು ಶಿಕ್ಷೆಯೆಂದು ನನಗೆ ಅನ್ನಿಸಲಿಲ್ಲ. ನೋಡುವುದು ಅವರ ಹಕ್ಕು. ಡಿಸೆಂಬರಿನಲ್ಲಿ ರಾಹೇಲಮ್ಮ ಮಗಳೊಡನೆ ರಾಗಿ ಕೊಯ್ಯುವಾಗ ನಾನೂ ಒಂದು ಕುಡುಗೋಲು ಹಿಡಿದು ಹೋದೆ. ಆಕೆ ಬಗ್ಗಿದಲ್ಲಿಂದಲೇ, ಮಗ್ಗುಲಿದ್ದ ಮಗಳಿಗೆ ಹೇಳಿದರು: "ಅವಳ ಕೆಲ್ಸ ಅವಳು ಮಾಡ್ಲಿ ಅಂತ ಏಳು. ನನ್ನೊಲದಾಗೆ ಬೆನ್ನು ಬಗ್ಸಿದ್ರೆ ಅವಳ ಮನ್ಸು ಅಗುರಾಯ್ತದೆ. ನಂಗೇನಾಯ್ತದೆ?" ಕುಡುಗೋಲನ್ನು ಮಾರ್ತಕ್ಕನಿಗೆ ಹಿಂದಿರುಗಿಸಿದೆ.

ಜನವರಿ ಹೊತ್ತಿಗೆ ರೋಗ ಇಳಿಯಿತು. ಹೆಂಚು ಹೊದಿಸಿ, ಗೋಡೆಗೆ ಸುಣ್ಣ ಬಳಿದು ಜನ ಊರಿಗೆ ಮರಳಿದರು. ಒಂಬತ್ತನೆಯ ತಾರೀಖು ಸೋಮವಾರ ಬೆಳಿಗ್ಗೆ ರಾಹೇಲಮ್ಮ ಉಪದೇಶಿಗಳ ಮನೆಯ ಜಗುಲಿಗೆ ಬಂದು ಕುಳಿತರು. ಕಂಕುಳಲ್ಲಿ ಹಳೆಯ ಸ್ಲೇಟು.

"ಅಕ್ಸರ ಏಳ್ಕೊಡು" ಎಂದರು. ಎಂಟು ವಾರದ ಮೇಲೆ ನನಗೆ ಆಡಿದ ಮೊದಲ ಮಾತು.

"ಮಾರ್ತಕ್ಕ ಚೆನ್ನಾಗಿ ಹೇಳಿಕೊಡ್ತಾರೆ ದೊಡ್ಡಮ್ಮ" ಎಂದೆ.

"ಸುಳ್ಳು ಬರ್ದಿದ್ದು ಮಾರ್ತಿಯಾ? ನೀನು. ನೀನೇ ಕಲ್ಸು. ಬುಕ್ಕಲ್ಲಿ ಐತೆ ಬುಕ್ಕಲ್ಲಿ ಐತೆ ಅಂತ ಅವ್ರ ತೋಳ ತಳ್ಳುದ್ರು, ನನ್ನ ಮಾತ ತಳ್ಳುದ್ರು. ಇನ್ಮ್ಯಾಕೆ ಯಾರೂ ನಂಗೆ ಬುಕ್ಕ ತೋರ್ಸಿ ಬಾಯಿ ಮುಚ್ಚುಸ್ಬಾರ್ದು. ನಾನೇ ನೋಡ್ಬೇಕು."

ಆಕೆಗೆ ಐವತ್ತರ ಹತ್ತಿರ. ಬೆರಳುಗಳು ಕುಡುಗೋಲಿಗೆ ಒಗ್ಗಿದವು, ಬಳಪ ಹಿಡಿದರೆ ಮುರಿಯುತ್ತಿತ್ತು. ಮೊದಲ ವಾರ ಏಳು ಬಳಪ ಹೋಯಿತು. ಬೀದಿಯವರಿಗೆ ಒಳ್ಳೆಯ ತಮಾಷೆ. "ಏನ್ ರಾಹೇಲಮ್ಮ, ಅಮಲ್ದಾರಿಕೆಗೆ ಅರ್ಜಿ ಆಕಿದ್ದೀಯಾ?" ಎಂದು ಚಿಕ್ಕೇಗೌಡರು ಕೇಳಿದರೆ, "ಊಂ ಗೌಡ್ರೆ, ಆದೇಟ್ಗೆ ಮೊದ್ಲು ನಿಮ್ಮೊಲಾನೇ ಅಳೆಸ್ತೀನಿ" ಎನ್ನುವರು. ನನ್ನೊಡನೆ ಮಾತ್ರ ಅಕ್ಷರದ ವಿಷಯ ಬಿಟ್ಟು ಬೇರೆ ಮಾತಿಲ್ಲ. ಪಾಠ ಮುಗಿದರೆ ಎದ್ದು ಹೋಗುವರು. ಅ, ಆ ಎಂದು ಕ್ರಮವಾಗಿ ಕಲಿಸಲು ಹೊರಟಿದ್ದೆ. ಆಕೆ ಒಪ್ಪಲಿಲ್ಲ. ಮೊದಲು ಅಬ್ರಾಮಪ್ಪ ಎಂದು ಬರೆಯಲು ಕಲಿಯಬೇಕು. ಬ್ರ ಎಂಬ ಒತ್ತು ಕೂರಲು ಹನ್ನೆರಡು ದಿನ ಬೇಕಾಯಿತು.

ಮಾರ್ಚಿ ತಿಂಗಳಲ್ಲಿ, ನಲವತ್ತೆಂಟನೆಯ ಪಾಠದ ದಿನ, ಡಾಕ್ಟರು ಊರಿಗೆ ಬಂದಿದ್ದರು. ರಾಹೇಲಮ್ಮ ಅವರ ಹತ್ತಿರ ನೇರವಾಗಿ ಹೋಗಿ, ಆ ಬುಕ್ಕ ಕೊಡಿ ಸಾ ಎಂದರು. ಡಾಕ್ಟರು ನನ್ನ ಮುಖ ನೋಡಿದರು, ಕೊಟ್ಟರು. ಆಕೆ ಜಗುಲಿಯ ಮೇಲೆ ಕುಳಿತು, ಬೆರಳಿಟ್ಟು, ಒಂದೊಂದೇ ಪುಟ ತಾವೇ ಹುಡುಕಿದರು. ನಾನು ಸಹಾಯಕ್ಕೆ ಬಗ್ಗಿದರೆ ಮೊಣಕೈಯಿಂದ ತಳ್ಳಿದರು. ಕೊನೆಗೆ ಬೆರಳು ನಿಂತಿತು.

"ಅಬ್ರಾಮಪ್ಪ" ಎಂದು ಓದಿದರು. ಗಂಡನ ಹೆಸರನ್ನು ಹಾಗೆ ಗಟ್ಟಿಯಾಗಿ ಆಕೆ ಎಂದೂ ಹೇಳಿದ್ದಿಲ್ಲ. ಹೇಳಿದ ಮೇಲೆ ತಾವೇ ಬಾಯಿಗೆ ಸೆರಗು ಮುಚ್ಚಿಕೊಂಡರು. ಆಮೇಲೆ ಕೇಳಿದರು: "ಇದೇಯಾ ಆ ಗೆರೆ?"

"ಹೌದು. ಅಳಿಸಿಬಿಡಲೇ?"

"ಬ್ಯಾಡ. ಮಸಿ ಕೊಡು."

ನನ್ನ ಲೇಖನಿಯನ್ನು ಕುಡುಗೋಲಿನಂತೆ ಮುಷ್ಟಿಯಲ್ಲಿ ಹಿಡಿದು, ಗೆರೆಯ ಪಕ್ಕದಲ್ಲಿ ಎರಡು ಅಕ್ಷರ ಬರೆದರು: ಇಲ್ಲ. ಲಕಾರದ ಒತ್ತು ಕೆಳಗಿನ ಸಾಲಿಗೆ ಇಳಿಯಿತು. ಡಾಕ್ಟರು ತಡೆಯಲಿಲ್ಲ. ರಾಹೇಲಮ್ಮ ಮಸಿ ಆರುವ ತನಕ ಊದಿದರು. ನಂತರ, ನನ್ನ ಕಡೆ ತಿರುಗದೆ, "ನೀನು ಉಂಡ್ಯಾ?" ಎಂದು ಕೇಳಿದರು. ಅಂದಿನ ಡೈರಿಯಲ್ಲಿ ನಾನು ಬರೆದಿರುವುದು ಆ ಎರಡು ಪದ ಮಾತ್ರ.

ಮೊದಲ ಸೂಜಿಯ ಬಲ ಆರು ತಿಂಗಳು. ಈಸ್ಟರ್ ಕಳೆದ ಮೇಲೆ ಎರಡನೆಯ ಸುತ್ತು ಬಂತು. ಡಾಕ್ಟರು ರಿಜಿಸ್ಟರನ್ನು ಮತ್ತೆ ನನಗೆ ಕೊಡುತ್ತ, ಇನ್ನು ಮುಂದೆ ಒಬ್ಬರು ಹಾಕಬೇಕು, ಇನ್ನೊಬ್ಬರು ನೋಡಬೇಕು ಎಂದು ಕಟ್ಟು ಮಾಡಿದರು. ನೋಡುವವರು ಯಾರು ಎಂದಾಗ ರಾಹೇಲಮ್ಮ, "ನಾನು ಕುಂತ್ಕತೀನಿ" ಎಂದರು.

ಏಪ್ರಿಲ್ ಹದಿನೇಳು, ಸೋಮವಾರ ಶುರು. ಆಕೆ ನನ್ನ ಬಲಗಡೆ ಮಣೆ ಹಾಕಿಕೊಂಡು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನು ಸೂಜಿ ಹಾಕಬೇಕು. ಆಕೆ ತೋಳು ನೋಡಬೇಕು, ರಕ್ತದ ಹನಿ ಕಾಣಬೇಕು, ಹೆಸರನ್ನು ಬೆರಳಿಟ್ಟು ಓದಬೇಕು, "ಊಂ, ಎಳಿ" ಎನ್ನಬೇಕು. ಆಮೇಲೆ ನನ್ನ ಗೆರೆ. ಚಿಕ್ಕೇಗೌಡರು ತಮ್ಮ ಸರದಿಯಲ್ಲಿ ಏನೋ ಹಾಸ್ಯ ಶುರುಮಾಡಿದರೆ, "ತೋಳು ತೋರ್ಸಿ ಗೌಡ್ರೆ, ಬಾಯಲ್ಲ" ಎಂದರು. ಮೂರು ದಿನದಲ್ಲಿ ಇನ್ನೂರ ಏಳು ಗೆರೆ. ಒಂದೂ ಆಕೆ ನೋಡದೆ ಎಳೆದದ್ದಲ್ಲ.

ನಾಲ್ಕನೆಯ ದಿನ, ಗುರುವಾರ, ಮಧ್ಯಾಹ್ನಕ್ಕೆ ಅಶ್ವಿನಿ ಮಳೆಯ ಮೋಡ ಏರಿತು. ಹಿಂದಿನ ದಿನ ಒಳ್ಳೆಯ ಹದ ಬಿದ್ದಿತ್ತು. ರಾಹೇಲಮ್ಮ ಎರಡು ಸಲ ಆಕಾಶ ನೋಡಿ, "ಇನ್ನೆಷ್ಟವ್ವ?" ಎಂದರು.

"ಒಂಬತ್ತು, ದೊಡ್ಡಮ್ಮ. ಬೇರೆ ಬೇರೆ ಹೊಲದಲ್ಲಿದ್ದಾರೆ, ನಾವೇ ಹುಡುಕಿಕೊಂಡು ಹೋಗಬೇಕು."

ಆಕೆ ರಿಜಿಸ್ಟರ್ ಮುಚ್ಚಿ ನನ್ನ ಮಡಿಲಲ್ಲಿಟ್ಟರು. "ನಾನು ಒಲಕ್ಕೋಯ್ತೀನಿ. ಇವತ್ತು ಎಳ್ಳು ಬಿತ್ತದಿದ್ರೆ ಹದ ಓಯ್ತದೆ."

"ಹಾಗಾದ್ರೆ ಉಳಿದದ್ದು ನಾಳೆ ಮಾಡೋಣ, ನೀವಿರುವಾಗ."

"ಯಾಕೆ?"

"ನೀವು ನೋಡ್ಬೇಕಲ್ಲ."

ಆಕೆ ಎಳ್ಳಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. "ಮೂರು ದಿನದಿಂದ ನಾನು ತೋಳ ನೋಡ್ತಾವ್ನಿ ಅಂದ್ಕಂಡಿದ್ದೀಯಾ? ನಿನ್ನ ಮೊಕಾನ ನೋಡ್ತಿದ್ದೆ ಕಣವ್ವ" ಎಂದರು. ಬೇರೇನೂ ಹೇಳದೆ ಇಳಿದು ಹೋದರು.

ಒಂಬತ್ತು ಜನರನ್ನು ಐದು ಹೊಲಗಳಲ್ಲಿ ಹುಡುಕಿದೆ. ನಾಲ್ಕು ಮೈಲಿ ನಡೆದೆ. ಪ್ರತಿಯೊಬ್ಬರಿಗೂ ಹಾಕಿ, ಹತ್ತಿ ಒತ್ತಿ, ಹನಿ ನೋಡಿ, ಹೆಸರು ಓದಿ, ಗೆರೆ ಎಳೆದೆ. ಮುಗಿಯುವಾಗ ಹೊತ್ತು ಇನ್ನೂ ಮೇಲಿತ್ತು. ನೇರವಾಗಿ ರಾಹೇಲಮ್ಮನ ಹೊಲಕ್ಕೆ ಹೋಗಿ, ರಿಜಿಸ್ಟರನ್ನು ಬಿಡಿಸಿ ಆಕೆಯ ಮುಂದೆ ಹಿಡಿದೆ.

ಆಕೆ ಬಗ್ಗಿದ ಬೆನ್ನನ್ನು ಎತ್ತಲಿಲ್ಲ. "ಕೈ ಮಣ್ಣಾಗೈತೆ. ಬಾಯಲ್ಲೇ ಏಳು" ಎಂದರು.

"ಒಂಬತ್ತೂ ಆಯ್ತು" ಎಂದೆ.

"ಸರಿ" ಎಂದು ಮುಂದಿನ ಸಾಲಿಗೆ ಹೋದರು.